ಸ, ಶಿ, ಸು, ಸೆ, ಸೊ: ಜಪಾನಿ ಅಡುಗೆಯ ಕಾಗುಣಿತ

ಬೇಳೆ ಬೇಯುವ ಮುನ್ನ ಹುಣಸೆಹುಳಿ ಸುರಿಯಬಾರದು ಎಂಬುದನ್ನು ನಮ್ಮಲ್ಲಿ ಯಾರೂ ಪುಸ್ತಕ ನೋಡಿ ಕಲಿತಿಲ್ಲ. ಒಮ್ಮೆ ಸುರಿದು, ಬೇಳೆ ಬೇಯದೆ ಉಳಿದು, ಅಜ್ಜಿಯ ಬಾಯಲ್ಲಿ ಅನ್ನಿಸಿಕೊಂಡ ಮೇಲೆ ಅದು ತಾನಾಗಿ ತಲೆಗೆ ಇಳಿಯುತ್ತದೆ. ಜಪಾನಿನ ಮನೆಗಳಲ್ಲಿ ಇಂಥ ತಿಳಿವಳಿಕೆಗೆ ಒಂದು ಬಾಯಿಪಾಠವೇ ಇದೆ: ‘ಸ, ಶಿ, ಸು, ಸೆ, ಸೊ’. ಇದು ಅವರ ಅಕ್ಷರಮಾಲೆಯ ಒಂದು ಸಾಲು, ನಮ್ಮ ಕಾಗುಣಿತವಿದ್ದಂತೆ. ‘ಸ’ ಎಂದರೆ ಸತೋ, ಸಕ್ಕರೆ. ‘ಶಿ’ ಶಿಯೊ, ಉಪ್ಪು. ‘ಸು’ ಎಂದರೆ ಸು, ಅಕ್ಕಿಯ ವಿನಿಗರ್. ‘ಸೆ’ ಶೋಯು, ಅಂದರೆ ಸೋಯಾ ಸಾಸ್; ಅದರ ಹಳೆಯ ಕಾಗುಣಿತ ‘ಸೆ’ಯಿಂದ ಶುರುವಾಗುತ್ತಿತ್ತು. ‘ಸೊ’ ಮಿಸೊ ಪದದ ಕೊನೆಯ ಅಕ್ಷರ. ಸೋಯಾಕಾಳನ್ನು ಉಪ್ಪು ಮತ್ತು ‘ಕೋಜಿ’ ಎಂಬ ಬೂಷ್ಟಿನ ಜೊತೆ ಹುದುಗಿಸಿದ ಗಟ್ಟಿ ಹಿಟ್ಟು ಅದು.

ಪಾತ್ರೆಗೆ ಇವನ್ನು ಹಾಕಬೇಕಾದ್ದೂ ಇದೇ ಸರದಿಯಲ್ಲಿ. ಸಕ್ಕರೆ ತರಕಾರಿಯೊಳಗೆ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ಅದಕ್ಕೆ ಮೊದಲ ಜಾಗ. ಉಪ್ಪು ಮುಂಚೆ ಬಿದ್ದರೆ ತರಕಾರಿಯ ನೀರು ಹೊರಬಂದು ಮೈ ಬಿಗಿಯಾಗುತ್ತದೆ. ಆಮೇಲೆ ಸಿಹಿ ಒಳಹೋಗುವುದು ಕಷ್ಟ. ವಿನಿಗರ್, ಶೋಯು, ಮಿಸೊಗಳ ಜೀವವಿರುವುದು ಪರಿಮಳದಲ್ಲಿ. ಹೆಚ್ಚು ಕುದಿಸಿದರೆ ಅದು ಆವಿಯಾಗಿ ಹೋಗುತ್ತದೆ. ಅದಕ್ಕೇ ಅವು ಕೊನೆಗೆ.

ಸುಶಿ, ರಾಮೆನ್‌ಗಳ ಹೆಸರು ಕೇಳಿಯೇ ‘ಇದು ನಮ್ಮ ಕೈಲಿ ಆಗದು’ ಎಂದುಕೊಂಡವರು ಜಪಾನಿನ ಮನೆಯೂಟದಿಂದ ಶುರು ಮಾಡಬೇಕು. ಅದರ ಚೌಕಟ್ಟು ‘ಇಚಿಜು ಸಾನ್ಸಾಯ್’: ಅನ್ನದ ಜೊತೆ ಒಂದು ಸಾರು, ಮೂರು ವ್ಯಂಜನ. ನಾಲ್ಕು ಜನರಿಗೆ ಸಾಲುವ, ಮೀನು ಮಾಂಸವಿಲ್ಲದ ಅಂಥ ಒಂದು ಊಟವನ್ನು ಇಲ್ಲಿ ಹಂತಹಂತವಾಗಿ ಮಾಡೋಣ. ಸಸ್ಯಾಹಾರಕ್ಕಾಗಿ ಜಪಾನಿ ಅಡುಗೆಯನ್ನು ತಿದ್ದಬೇಕಾಗಿಲ್ಲ. ‘ಶೋಜಿನ್ ರ್ಯೋರಿ’ ಎಂಬ ಬೌದ್ಧ ಮಠಗಳ ಪಾಕಪದ್ಧತಿ ಮಾಂಸದ ಜೊತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ದೂರವಿಟ್ಟಿದೆ. ಝೆನ್ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವರಿಗೆಂದೇ ಒಂದು ಕೃತಿ ಬರೆದು, ಅಕ್ಕಿ ತೊಳೆಯುವ, ಕಲ್ಲು ಆರಿಸುವ ಕೆಲಸವನ್ನೂ ಸಾಧನೆಯೆಂದೇ ಎಣಿಸಿದ.

ಅಂಗಡಿಯಿಂದ ತರಬೇಕಾದ್ದು

* ಕೊಂಬು, 10 ಗ್ರಾಂ. ಹೆಸರು ಕೇಳಿ ಗಾಬರಿಯಾಗಬೇಡಿ, ಇದು ಪ್ರಾಣಿಯ ಕೊಂಬಲ್ಲ. ಬಹುಪಾಲು ಹೊಕ್ಕೈಡೊ ದ್ವೀಪದ ಸುತ್ತಿನ ತಣ್ಣನೆಯ ಕಡಲಲ್ಲಿ ಬೆಳೆಯುವ ಪಾಚಿಯ ಒಣಗಿದ ಹಾಳೆ.
* ಒಣಗಿದ ಶಿಟಾಕೆ ಅಣಬೆ, 4.
* ಮಿಸೊ, ಸಣ್ಣ ಡಬ್ಬಿ. ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ.
* ಸಹಜವಾಗಿ ಹುದುಗಿಸಿದ ಸೋಯಾ ಸಾಸ್. ಗೋಬಿ ಮಂಚೂರಿಗೆ ಬಳಸುವ, ಬಣ್ಣ ಬೆರೆಸಿದ ಕಪ್ಪು ಸಾಸ್ ಇಲ್ಲಿ ಸಲ್ಲದು.
* ಅಕ್ಕಿಯ ವಿನಿಗರ್. ಸಿಗದಿದ್ದರೆ ಮನೆಯ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ.
* ತೋಫು, 150 ಗ್ರಾಂ.
* ಗಿಡ್ಡ ಕಾಳಿನ ಜಪಾನಿ ಅಕ್ಕಿ, 2 ಕಪ್.

ದೊಡ್ಡ ಊರುಗಳ ಸೂಪರ್ ಮಾರ್ಕೆಟ್‌ಗಳಲ್ಲಿ, ಆನ್‌ಲೈನಿನಲ್ಲಿ ಇವು ಸಿಗುತ್ತವೆ. ಸಿಹಿಗುಂಬಳ, ಬೀನ್ಸ್, ಸೌತೆಕಾಯಿ, ಬಿಳಿ ಎಳ್ಳು, ಸಕ್ಕರೆ, ಉಪ್ಪು ಹೇಗೂ ಮನೆಯಲ್ಲಿರುತ್ತವೆ.

ಲೇಬಲ್ ಓದದೆ ಕೊಳ್ಳಬೇಡಿ. ಕೆಲವು ಮಿಸೊಗಳಲ್ಲಿ ಮೀನಿನ ಸಾರ ಮೊದಲೇ ಬೆರೆತಿರುತ್ತದೆ. ಸಾರಿಗೆ ಬಳಸುವ ದಿಢೀರ್ ‘ದಾಶಿ’ ಪುಡಿಗಳಲ್ಲಿ ಒಣಗಿದ ಬೊನಿಟೊ ಮೀನು ಇರುವುದೇ ಹೆಚ್ಚು. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿಯೂ ಇರುತ್ತದೆ. ‘ಮಿರಿನ್’ ಅಕ್ಕಿಯಿಂದ ಮಾಡಿದ ಸಿಹಿ ಮದ್ಯ. ಈ ಊಟದಲ್ಲಿ ಅದಿಲ್ಲದೆ ಸಕ್ಕರೆಯಲ್ಲೇ ಕೆಲಸ ಸಾಗುತ್ತದೆ.

ಹಂತ 1: ಹಿಂದಿನ ರಾತ್ರಿಯ ನೀರು

ನಮ್ಮ ಸಾರಿಗೆ ರುಚಿಯ ಕೊನೆಯ ಮುದ್ರೆ ಬೀಳುವುದು ಒಗ್ಗರಣೆಯಲ್ಲಿ. ಎಣ್ಣೆ ಕಾದು, ಸಾಸಿವೆ ಸಿಡಿದು, ಇಂಗಿನ ವಾಸನೆ ಪಡಸಾಲೆಗೆ ಬಂದಾಗ ಅಡುಗೆ ಮುಗಿಯಿತೆಂದು ಅರ್ಥ. ಜಪಾನಿ ಸಾರಿನಲ್ಲಿ ಆ ಕೆಲಸ ಎಲ್ಲಕ್ಕಿಂತ ಮೊದಲೇ, ಸದ್ದಿಲ್ಲದೆ, ತಣ್ಣೀರಿನಲ್ಲಿ ನಡೆದುಹೋಗಿರುತ್ತದೆ. ಆ ನೀರಿನ ಹೆಸರು ದಾಶಿ. ಇದೊಂದು ಕೈಗೆ ಹತ್ತಿದರೆ ಮಿಕ್ಕದ್ದೆಲ್ಲ ಸಲೀಸು.

ಕೊಂಬಿನ ಮೇಲಿನ ಬಿಳಿ ಪುಡಿ ಧೂಳಲ್ಲ, ರುಚಿಯ ಭಾಗ. ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಹಗುರವಾಗಿ ಒರೆಸಿ. ಅದನ್ನೂ ಶಿಟಾಕೆಯನ್ನೂ 1 ಲೀಟರ್ ತಣ್ಣೀರಿಗೆ ಹಾಕಿ, ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಮರುದಿನ ಅಣಬೆಯನ್ನು ಹಿಂಡಿ ತೆಗೆದು, ನೀರನ್ನು ಕೊಂಬಿನ ಸಮೇತ ಸಣ್ಣ ಉರಿಯಲ್ಲಿ ಸುಮಾರು 10 ನಿಮಿಷ ಕಾಯಿಸಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಕಂಡಕೂಡಲೇ ಕೊಂಬನ್ನು ಎತ್ತಿಬಿಡಿ. ಕುದಿಯಲು ಬಿಟ್ಟರೆ ನೀರು ಲೋಳೆಯಾಗಿ, ಕಹಿ ಇಣುಕುತ್ತದೆ. ದಾಶಿಯನ್ನು ಸೋಸಿಡಿ.

ಚಮಚದಲ್ಲಿ ಕುಡಿದು ನೋಡಿದರೆ ಮೊದಲು ‘ಇದರಲ್ಲೇನಿದೆ’ ಅನ್ನಿಸುತ್ತದೆ. ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಕುಡಿಯಿರಿ. ನಾಲಗೆಯ ಮೇಲೆ ಏನೋ ತುಂಬಿಕೊಂಡಂತಾಗುತ್ತದೆ. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ಸಾರವಿದೆ. ಎರಡೂ ಕೂಡಿದಾಗ ರುಚಿ ಒಂದಕ್ಕೊಂದು ಸೇರಿದ್ದಕ್ಕಿಂತ ಎಷ್ಟೋ ಪಾಲು ಏರುತ್ತದೆ. ಹಣ್ಣಾದ ಟೊಮೆಟೊದಲ್ಲೂ ಗ್ಲುಟಮೇಟ್ ಇದೆ. ಒಳ್ಳೆಯ ಟೊಮೆಟೊ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದವರಿಗೆ ಈ ರುಚಿ ಹೊಸದಲ್ಲ.

ಹಂತ 2: ಸಿಹಿಗುಂಬಳದ ನಿಮೊನೊ

ದಾಶಿಯಲ್ಲಿ ಬೇಯಿಸುವ ವ್ಯಂಜನಕ್ಕೆ ‘ನಿಮೊನೊ’ ಎಂಬ ಹೆಸರು. ಕಾಗುಣಿತ ಕೆಲಸಕ್ಕೆ ಬರುವುದು ಇಲ್ಲೇ. 500 ಗ್ರಾಂ ಸಿಹಿಗುಂಬಳವನ್ನು ಸಿಪ್ಪೆ ಸಮೇತ ಒಂದೂವರೆ ಅಂಗುಲದ ಹೋಳು ಮಾಡಿ. ಚೂಪಾದ ಅಂಚುಗಳನ್ನು ಚಾಕುವಿನಿಂದ ತುಸು ಹೆರೆದರೆ ಹೋಳುಗಳು ಒಂದಕ್ಕೊಂದು ತಾಗಿ ಮುರಿಯುವುದಿಲ್ಲ. ಅಗಲ ಪಾತ್ರೆಯಲ್ಲಿ ಸಿಪ್ಪೆ ಕೆಳಮುಖವಾಗಿ ಒಂದೇ ಪದರದಲ್ಲಿ ಜೋಡಿಸಿ.

1. ಮುಕ್ಕಾಲು ಕಪ್ ದಾಶಿ, ಒಂದೂವರೆ ದೊಡ್ಡ ಚಮಚ ಸಕ್ಕರೆ ಹಾಕಿ 5 ನಿಮಿಷ ಬೇಯಿಸಿ. ಜಪಾನಿನ ಕಬೋಚಾ ಕುಂಬಳಕ್ಕಿಂತ ನಮ್ಮದರಲ್ಲಿ ನೀರಿನಂಶ ಹೆಚ್ಚು, ಹಾಗಾಗಿ ದಾಶಿ ಕಡಿಮೆಯೇ ಇರಲಿ.
2. ಚಿಟಿಕೆ ಉಪ್ಪು ಹಾಕಿ.
3. ಒಂದೂವರೆ ದೊಡ್ಡ ಚಮಚ ಶೋಯು ಸುತ್ತಲೂ ಬಿಡಿ.
4. ಪಾತ್ರೆಯ ಬಾಯಿಗಿಂತ ಚಿಕ್ಕದಾದ ಸ್ಟೀಲ್ ತಟ್ಟೆಯನ್ನು ನೇರ ಹೋಳುಗಳ ಮೇಲೆಯೇ ಕೂರಿಸಿ. ಅಲ್ಲಿ ಇದಕ್ಕೆಂದೇ ‘ಒತೊಶಿಬುತ’ ಎಂಬ ಮರದ ಮುಚ್ಚಳವಿದೆ. ಕಡಿಮೆ ರಸವೂ ಮುಚ್ಚಳಕ್ಕೆ ತಾಗಿ ಎಲ್ಲ ಹೋಳಿಗೂ ಹರಡುತ್ತದೆ.
5. ಸಣ್ಣ ಉರಿಯಲ್ಲಿ 8 ನಿಮಿಷ ಬಿಟ್ಟು ಕಡ್ಡಿ ಚುಚ್ಚಿ ನೋಡಿ. ಸೌಟು ಹಾಕಿ ತಿರುವಬೇಡಿ. ಬೇಕಾದರೆ ಪಾತ್ರೆಯನ್ನೇ ಅಲುಗಿಸಿ.

ಬೆಂದಕೂಡಲೇ ಬಡಿಸುವ ಆತುರ ಬೇಡ. ಆರುವಾಗಲೇ ರಸ ಒಳಕ್ಕೆ ಇಳಿಯುವುದು, ಅರ್ಧ ಗಂಟೆ ಹಾಗೇ ಬಿಡಿ. ಸಕ್ಕರೆ ಬದಲು ಬೆಲ್ಲ ಹಾಕಬಹುದೇ ಎಂದರೆ, ಹಾಕಬಹುದು. ಆದರೆ ಬೆಲ್ಲದ ಘಮ ಶೋಯುವಿನದನ್ನು ಹಿಂದೆ ಸರಿಸಿ, ಪದಾರ್ಥ ಅರ್ಧ ನಮ್ಮೂರಿನದಾಗುತ್ತದೆ.

ಹಂತ 3: ಅನ್ನ

ಗಿಡ್ಡ ಕಾಳಿನ ಜಪಾನಿ ಅಕ್ಕಿ 2 ಕಪ್ ತೆಗೆದುಕೊಂಡು, ನೀರು ಬಹುತೇಕ ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ಅರ್ಧ ಗಂಟೆ ನೆನೆಸಿ, ಬಸಿದು, ಎರಡೂವರೆ ಕಪ್ ನೀರು ಹಾಕಿ. ದಪ್ಪ ತಳದ ಪಾತ್ರೆಯಲ್ಲಿ ಕುದಿ ಬಂದ ಮೇಲೆ ತೀರಾ ಸಣ್ಣ ಉರಿಯಲ್ಲಿ 12 ನಿಮಿಷ ಇಟ್ಟು, ಒಲೆ ಆರಿಸಿ, ಮುಚ್ಚಳ ತೆಗೆಯದೆ 10 ನಿಮಿಷ ಬಿಡಿ. ಉಪ್ಪಿಲ್ಲ, ಎಣ್ಣೆಯಿಲ್ಲ.

ಆ ಅಕ್ಕಿ ದುಬಾರಿ ಎನಿಸಿದರೆ ಹೊಸ ಸೋನಾ ಮಸೂರಿ ತನ್ನಿ, ನೀರು ನಿಮ್ಮ ಮನೆಯ ಅಳತೆಯಲ್ಲೇ ಇರಲಿ. ‘ಹೊಸ ಅಕ್ಕಿ, ಅನ್ನ ಮುದ್ದೆಯಾಗುತ್ತದೆ’ ಎಂದು ನಾವು ಯಾವುದನ್ನು ದೂರುತ್ತೇವೋ, ಕಡ್ಡಿಯಲ್ಲಿ ಎತ್ತಿ ತಿನ್ನುವ ಈ ಊಟಕ್ಕೆ ಅದೇ ಬೇಕಾದ್ದು.

ಹಂತ 4: ಬೆಂಕಿ ಕಡಿಮೆ ಬೇಡುವ ಎರಡು ವ್ಯಂಜನ

ಗೊಮಾ-ಆಯೆ: 250 ಗ್ರಾಂ ಎಳೆ ಬೀನ್ಸನ್ನು ಉದ್ದುದ್ದಕ್ಕೆ ಕತ್ತರಿಸಿ, ಕುದಿಯುವ ಉಪ್ಪುನೀರಿನಲ್ಲಿ 3 ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ ಬಸಿಯಿರಿ. ಹಸಿರು ಬಣ್ಣ ಹಾಗೇ ನಿಲ್ಲಬೇಕು. 3 ದೊಡ್ಡ ಚಮಚ ಬಿಳಿ ಎಳ್ಳು ಹುರಿದು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿಗೆ ಹಾಕಿದರೆ ಕ್ಷಣದಲ್ಲಿ ಎಣ್ಣೆ ಬಿಟ್ಟು ಉಂಡೆಕಟ್ಟುತ್ತದೆ. ಅದಕ್ಕೆ ಸಕ್ಕರೆ, ಶೋಯು, ದಾಶಿ ತಲಾ ಒಂದು ದೊಡ್ಡ ಚಮಚ ಸೇರಿಸಿ, ಊಟಕ್ಕೆ ಕೂರುವ ಮುಂಚೆ ಬೀನ್ಸಿಗೆ ಕಲಸಿ. ನಾವು ಪಲ್ಯಕ್ಕೆ ಕಾಯಿತುರಿ ಉದುರಿಸುವ ಜಾಗದಲ್ಲಿ ಇಲ್ಲಿ ಎಳ್ಳು ಕೂತಿದೆ, ಅಷ್ಟೆ.

ಸುನೊಮೊನೊ: ಕೋಸಂಬರಿಗೆ ನೀರು ಬಿಡಬಾರದೆಂದು ನಾವು ಉಪ್ಪನ್ನು ಕೊನೆಗೆ ಹಾಕುತ್ತೇವೆ. ಇಲ್ಲಿ ಆ ನೀರನ್ನು ಹೊರಹಾಕಲೆಂದೇ ಉಪ್ಪು ಮೊದಲು. 2 ಎಳೆ ಸೌತೆಕಾಯಿಯನ್ನು ತೆಳ್ಳಗೆ ಬಿಲ್ಲೆ ಮಾಡಿ ಅರ್ಧ ಚಿಕ್ಕ ಚಮಚ ಉಪ್ಪು ಸವರಿ. 10 ನಿಮಿಷದ ನಂತರ ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಿ. 2 ದೊಡ್ಡ ಚಮಚ ವಿನಿಗರ್, 1 ದೊಡ್ಡ ಚಮಚ ಸಕ್ಕರೆ, 1 ಚಿಕ್ಕ ಚಮಚ ಶೋಯು ಬೆರೆಸಿ. ನೀರು ಖಾಲಿಯಾದ ಬಿಲ್ಲೆಗಳು ಈ ರಸವನ್ನು ಹೀರಿಕೊಂಡು ಕರುಂಕುರುಂ ಎನ್ನುತ್ತವೆ.

ಹಂತ 5: ಎಲ್ಲರೂ ಕೂತ ಮೇಲೆ ಮಿಸೊ ಸಾರು

ನೆನೆದ ಶಿಟಾಕೆಯ ಗಟ್ಟಿ ತೊಟ್ಟು ತೆಗೆದು ತೆಳುವಾಗಿ ಹೆಚ್ಚಿ. 3 ಕಪ್ ದಾಶಿಯಲ್ಲಿ 3 ನಿಮಿಷ ಕುದಿಸಿ, ಸಣ್ಣ ಚೌಕ ಮಾಡಿದ ತೋಫು ಹಾಕಿ ಇನ್ನೊಂದು ನಿಮಿಷ ಬಿಟ್ಟು ಒಲೆ ಆರಿಸಿ. ಸೌಟಿನಲ್ಲಿ ಸ್ವಲ್ಪ ಬಿಸಿ ದಾಶಿ ತೆಗೆದುಕೊಂಡು ಎರಡೂವರೆ ದೊಡ್ಡ ಚಮಚ ಮಿಸೊವನ್ನು ಅದರಲ್ಲೇ ಗಂಟಿಲ್ಲದಂತೆ ಕರಗಿಸಿ ಪಾತ್ರೆಗೆ ಬಿಡಿ. ರುಚಿ ನೋಡಿ, ಬೇಕಿದ್ದರೆ ಇನ್ನರ್ಧ ಚಮಚ. ಮಿಸೊದಲ್ಲೇ ಸಾಕಷ್ಟು ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ಇದನ್ನು ಮತ್ತೆ ಕುದಿಸಬಾರದು. ‘ಸಾರು ಕುದಿದಷ್ಟೂ ರುಚಿ’ ಎಂದು ನಂಬಿದ ಕೈ ನನ್ನದು. ಮೊದಲ ಸಲ ಹತ್ತು ನಿಮಿಷ ಕುದಿಸಿ, ಬರೀ ಉಪ್ಪುನೀರಿನಂಥದ್ದನ್ನು ಬಡಿಸಿದ್ದೆ.

ಪನೀರ್ ತೋಫುವಿನ ಬದಲಿಯಲ್ಲ. ತೋಫು ಇಲ್ಲದಿದ್ದರೆ ಆಲೂಗಡ್ಡೆ ಅಥವಾ ಎಳೆ ಪಾಲಕ್ ಹಾಕಿ.

ಯಾವಾಗ ಯಾವುದು

ರಾತ್ರಿ 8ಕ್ಕೆ ಊಟವೆಂದುಕೊಳ್ಳಿ. 6:45ಕ್ಕೆ ಅಕ್ಕಿ ನೆನೆಹಾಕಿ ದಾಶಿ ಕಾಯಿಸಿ. 7ಕ್ಕೆ ಕುಂಬಳ ಒಲೆಗೇರಲಿ. 7:20ಕ್ಕೆ ಅನ್ನ. ಅದು ಬೇಯುವಾಗ ಸೌತೆಗೆ ಉಪ್ಪು, ಎಳ್ಳಿಗೆ ಕುಟ್ಟಾಣಿ, ಬೀನ್ಸಿಗೆ ಬಿಸಿನೀರು. 7:50ಕ್ಕೆ ಸಾರು.

ಬಾಳೆಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಪಲ್ಯಕ್ಕೆ ಇಂಥಲ್ಲೇ ಎಂಬ ಕಟ್ಟಳೆ ಇರುವಂತೆ ಇಲ್ಲೂ ಇದೆ. ಅನ್ನದ ಬಟ್ಟಲು ನಮ್ಮ ಎದುರಿಗೆ ಎಡಕ್ಕೆ, ಸಾರು ಬಲಕ್ಕೆ, ವ್ಯಂಜನಗಳು ಅವುಗಳ ಆಚೆ. ಮಿಸೊ ಸಾರು ಅನ್ನಕ್ಕೆ ಕಲಸುವಂಥದ್ದಲ್ಲ, ಬಟ್ಟಲನ್ನೇ ಎತ್ತಿ ಕುಡಿಯುವುದು. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಅಲ್ಲಿ ಅದು ಸತ್ತವರಿಗೆ ಅನ್ನವಿಡುವ ರೀತಿ.

ಎಚ್ಚರಿಕೆ ಎರಡು: ಮಿಸೊ, ಶೋಯು ಎರಡರಲ್ಲೂ ಉಪ್ಪಿನಂಶ ಜಾಸ್ತಿ, ರಕ್ತದೊತ್ತಡ ಇರುವವರು ಅಳತೆ ಮೀರಬಾರದು. ಕೊಂಬಿನಲ್ಲಿ ಅಯೋಡಿನ್ ತುಂಬಾ ಇದೆ, ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ.

ಮಿಕ್ಕ ಅನ್ನಕ್ಕೆ

ಅನ್ನ ಮಿಕ್ಕರೆ ತಣ್ಣಗಾಗುವ ಮುಂಚೆಯೇ ಅಂಗೈ ಒದ್ದೆ ಮಾಡಿ, ಚಿಟಿಕೆ ಉಪ್ಪು ಸವರಿಕೊಂಡು, ಒಂದು ಹಿಡಿ ಅನ್ನವನ್ನು ಹದವಾಗಿ ಒತ್ತಿ ಮೂರು ಮೂಲೆಯ ಉಂಡೆ ಮಾಡಿ. ಇದೇ ‘ಒನಿಗಿರಿ’. ಜಪಾನಿನಲ್ಲಿ ಅದರ ನಡುವೆ ‘ಉಮೆಬೋಶಿ’ ಎಂಬ ಉಪ್ಪು ಹಾಕಿದ ಹುಳಿಕಾಯಿ ಇಡುತ್ತಾರೆ. ನಮ್ಮ ಭರಣಿಯಲ್ಲಿ ಮಾವಿನ ಮಿಡಿ ಇದೆಯಲ್ಲ, ಓಟೆ ತೆಗೆದು ಅದನ್ನೇ ಇಡಿ. ಇದಕ್ಕೆ ಮಾತ್ರ ಕಾಗುಣಿತವೂ ಬೇಡ, ಕಡ್ಡಿಯೂ ಬೇಡ. ಕೈತುತ್ತು ತಿಂದು ಬೆಳೆದವರಿಗೆ ಇದನ್ನು ತಿನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.