ಡಾಲರ್ ಒತ್ತುವ ಮುನ್ನ

ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾದ ಕೆಂಪು ಬೋರ್ಡು. ಒಂದು ತುದಿಗೆ ಯುಎಸ್‌ಬಿ ಕೇಬಲ್ಲು, ಇನ್ನೊಂದು ತುದಿಗೆ ಬಣ್ಣಬಣ್ಣದ ವೈರುಗಳು. ಇಯಾನ್ ಲೆಸ್ನೆಟ್ 2008ರಲ್ಲಿ ಬೆಳಕಿಗೆ ತಂದ ಬಸ್ ಪೈರೇಟ್ ಮಾಡುವ ಕೆಲಸ ಹೇಳುವುದಕ್ಕೆ ಸುಲಭ. ಕಂಪ್ಯೂಟರಿನ ಟರ್ಮಿನಲ್ಲಿನಲ್ಲಿ ನಾಲ್ಕು ಅಕ್ಷರ ಟೈಪ್ ಮಾಡಿದರೆ ಸಾಕು, ಎದುರಿಗಿರುವ ಚಿಪ್ಪಿನ ಜೊತೆ ಯುಎಆರ್‌ಟಿ, ಐಸ್ಕ್ವೇರ್‌ಸಿ, ಎಸ್‌ಪಿಐ, ಒನ್‌ವೈರ್, ಯಾವ ಭಾಷೆ ಬೇಕೋ ಆ ಭಾಷೆಯಲ್ಲಿ ಮಾತಾಡಿಸುತ್ತದೆ. ಹಳೆಯ ರೌಟರಿನ ಒಳಗಿರುವ ಕನ್ಸೋಲ್ ಪಿನ್ನುಗಳನ್ನು ಹುಡುಕುವವರ ಮೇಜಿನ ಮೇಲೆ ಇದು ಇದ್ದೇ ಇರುತ್ತದೆ.

ನಡೆಯುತ್ತಿರುವುದನ್ನು ಕೆದಕಬಾರದು ಎನ್ನುವುದು ರಿಪೇರಿ ಮಾಡುವವರೆಲ್ಲ ಒಪ್ಪುವ ನಿಯಮ. ಹಾಗಿದ್ದ ಮೇಲೆ ಇದರ ಫರ್ಮ್‌ವೇರನ್ನು ಏಕೆ ಬದಲಿಸಬೇಕು? ಫ್ಲ್ಯಾಶ್‌ರಾಮ್ ಬಳಸಿದವರಿಗೆ ಉತ್ತರ ಗೊತ್ತು. ಮದರ್‌ಬೋರ್ಡಿನ ಬಯಾಸ್ ಚಿಪ್ಪು ಓದುವ ಆ ತಂತ್ರಾಂಶ ಮೊದಲು ಬಸ್ ಪೈರೇಟಿನ ಆವೃತ್ತಿಯನ್ನು ಕೇಳುತ್ತದೆ. 2.4 ಅಥವಾ ಅದಕ್ಕಿಂತ ಹಳೆಯದಾದರೆ ಕೆಲಸವೇ ಇಲ್ಲ. 5.4ರವರೆಗಿನದಾದರೆ ನಿಧಾನದ ದಾರಿಯೇ ಗತಿ. 6.1ರವರೆಗೆ ವೇಗ 2 ಮೆಗಾಹರ್ಟ್ಸ್ ದಾಟುವಂತಿಲ್ಲ. ಒಂದು ಚಿಪ್ಪು ಓದಿ ಮುಗಿಯುವಷ್ಟರಲ್ಲಿ ಊಟ ಮುಗಿಸಿ ಬರಬಹುದು ಎಂಬ ಸ್ಥಿತಿಯಲ್ಲಿದ್ದಾಗಲೇ ನಾನೂ ಅಪ್‌ಡೇಟಿಗೆ ಕೈ ಹಾಕಿದ್ದು.

ಶುರು ಮಾಡಬೇಕಾದದ್ದು ಡೌನ್‌ಲೋಡಿನಿಂದಲ್ಲ, ಪ್ರಾಂಪ್ಟಿನಲ್ಲಿ ‘ಐ’ ಒತ್ತುವುದರಿಂದ. ಬೋರ್ಡು ಯಾವುದು, ಫರ್ಮ್‌ವೇರ್ ಎಷ್ಟನೆಯದು, ಬೂಟ್‌ಲೋಡರ್ ಎಷ್ಟನೆಯದು, ಒಳಗಿನ ಚಿಪ್ಪು ಯಾವುದು ಎಂಬುದೆಲ್ಲ ಅಲ್ಲೇ ಬರುತ್ತದೆ. ಮೂರನೇ ಪೀಳಿಗೆಯ ಬೋರ್ಡಿನಲ್ಲಿರುವುದು ಪಿಕ್24ಎಫ್‌ಜೆ64ಜಿಎ002, ನಾಲ್ಕನೆಯದರಲ್ಲಿ ಪಿಕ್24ಎಫ್‌ಜೆ256ಜಿಬಿ106. ಒಂದರ ಹೆಕ್ಸ್ ಫೈಲು ಇನ್ನೊಂದಕ್ಕೆ ಆಗುವುದಿಲ್ಲ. ಆ ಸಾಲುಗಳನ್ನು ಕಾಪಿ ಮಾಡಿ ಇಟ್ಟುಕೊಳ್ಳಿ, ಜೊತೆಗೆ ಈಗಿರುವ ಆವೃತ್ತಿಯ ಹೆಕ್ಸ್ ಫೈಲನ್ನೂ. ಹೊಸದು ಹಿಡಿಸದಿದ್ದರೆ ವಾಪಸು ಬರಲು ದಾರಿ ಬೇಕಲ್ಲ. ಮೂರನೆಯದರಲ್ಲಿ ಫ್ಲ್ಯಾಶ್ ಜಾಗ 64 ಕೆಬಿ ಮಾತ್ರ. ಎಲ್ಲ ಸೌಲಭ್ಯಗಳೂ ಅದರೊಳಗೆ ಹಿಡಿಸುವುದಿಲ್ಲವಾದ್ದರಿಂದ ಹೊಸದೊಂದು ಒಳಗೆ ಬಂದಾಗ ಹಳೆಯದೊಂದು ಹೊರಗೆ ಹೋಗಿರಬಹುದು. ದೊಡ್ಡ ನಂಬರು ಕಂಡ ಕೂಡಲೇ ಹಿಗ್ಗಬೇಕಾಗಿಲ್ಲ.

ಮುಂದಿನದು ಡಾಲರ್ ಗುರುತು. ಅದನ್ನು ಒತ್ತಿದರೆ ‘ಖಂಡಿತಾನಾ?’ ಎಂದು ಕೇಳುತ್ತದೆ. ‘ವೈ’ ಎಂದರೆ ‘ಬೂಟ್‌ಲೋಡರ್’ ಎಂಬ ಒಂದೇ ಪದ ಮೂಡಿ, ಮೋಡ್ ದೀಪ ಹತ್ತಿಕೊಂಡು, ಪ್ರಾಂಪ್ಟು ಮಾಯವಾಗುತ್ತದೆ. ಹೊಸಬರಿಗೆ ಎದೆ ಧಸಕ್ ಎನ್ನುವುದು ಇಲ್ಲಿಯೇ. ಬೋರ್ಡಿಗೆ ಏನೂ ಆಗಿಲ್ಲ, ಫೈಲಿಗಾಗಿ ಕಾಯುತ್ತಿದೆ ಅಷ್ಟೆ. ಆಗ ಪೈರೇಟ್ ಲೋಡರ್ ಎಂಬ ಪುಟ್ಟ ಪ್ರೋಗ್ರಾಮಿಗೆ ಪೋರ್ಟಿನ ಹೆಸರು, ಫೈಲಿನ ಹೆಸರು ಕೊಟ್ಟರೆ ‘ಬೂಟ್‌ಲೋಡರಿಗೆ ಹಲೋ ಕಳಿಸುತ್ತಿದ್ದೇನೆ’ ಎನ್ನುತ್ತದೆ.

ಬಹಳಷ್ಟು ಅಪ್‌ಡೇಟುಗಳು ಕೆಡುವುದು ಈ ಹಲೋದಲ್ಲಿ. ಕಾರಣ ಫರ್ಮ್‌ವೇರಲ್ಲ, ಪೋರ್ಟು. ಡಾಲರ್ ಒತ್ತಿದ ಟರ್ಮಿನಲ್ ಕಿಟಕಿಯನ್ನು ಮುಚ್ಚದೆ ಬಿಟ್ಟಿದ್ದರೆ ಸೀರಿಯಲ್ ಪೋರ್ಟು ಅದರ ಕೈಯಲ್ಲೇ ಉಳಿದಿರುತ್ತದೆ. ಹಲೋಗೆ ಬಂದ ಉತ್ತರವನ್ನು ಅದೇ ನುಂಗಿಬಿಡಬಹುದು. ಉಬುಂಟು ಬಳಸುವವರು ತಾವು ‘ಡಯಲ್‌ಔಟ್’ ಗುಂಪಿನಲ್ಲಿ ಇದ್ದೇವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಮೋಡೆಮ್ ಮ್ಯಾನೇಜರ್ ಎಂಬ ಹಿನ್ನೆಲೆ ಸೇವೆಯದು ಇನ್ನೊಂದು ತಂಟೆ. ಸಿಕ್ಕ ಸೀರಿಯಲ್ ಸಾಧನವೆಲ್ಲ ಮೋಡೆಮ್ಮೇ ಇರಬೇಕೆಂದು ಅದು ತಾನಾಗಿ ಎಟಿ ಕಮಾಂಡು ಕಳಿಸಿ ಕೆಣಕುವುದುಂಟು. ಅಪ್‌ಡೇಟು ಮುಗಿಯುವವರೆಗೆ ಅದನ್ನು ನಿಲ್ಲಿಸಿಡುವುದೇ ಸರಿ. ಇದನ್ನು ತಿಳಿದ ಮೇಲೆ ನನ್ನ ಮುಕ್ಕಾಲು ಪಾಲು ತಲೆನೋವು ಹೋಯಿತು.

ಹಳೆಯ ಬೋರ್ಡಿನ ಮಿನಿ ಯುಎಸ್‌ಬಿ ಸಾಕೆಟ್ ಸಡಿಲವಾಗಿರುವುದು ಅಪರೂಪವಲ್ಲ. ಒಂದೊಂದೇ ಪುಟ ಅಳಿಸಿ ಬರೆಯುತ್ತಿರುವಾಗ ಕೇಬಲ್ಲು ಕಳಚಿಕೊಂಡರೆ ಅರೆಬರೆ ಫರ್ಮ್‌ವೇರು ಉಳಿಯುತ್ತದೆ, ‘ಐ’ಗೂ ಉತ್ತರವಿಲ್ಲ. ಗಾಬರಿ ಬೇಡ. ಬೂಟ್‌ಲೋಡರ್ ಬೇರೆ ಜಾಗದಲ್ಲಿ ಕ್ಷೇಮವಾಗಿದೆ. ಐದು ಪಿನ್ನಿನ ಹೆಡರಿನಲ್ಲಿ ಪಿಜಿಸಿ, ಪಿಜಿಡಿ ಎರಡಕ್ಕೂ ಸೇರಿಸಿ ಜಂಪರ್ ಹಾಕಿ ಯುಎಸ್‌ಬಿ ಚುಚ್ಚಿದರೆ ಮೋಡ್ ದೀಪ ಮತ್ತೆ ಹತ್ತುತ್ತದೆ, ಮೊದಲಿನಿಂದ ಶುರು ಮಾಡಬಹುದು. ಆದರೆ ಅದೇ ಸಾಲಿನಲ್ಲಿ 3.3 ವೋಲ್ಟೂ ಗ್ರೌಂಡೂ ಅಕ್ಕಪಕ್ಕದಲ್ಲೇ ನಿಂತಿವೆ. ಜಂಪರನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ, ಹೆಸರು ಓದಿಯೇ ಹಾಕಿ. ನಿಜವಾದ ಅಪಾಯವಿರುವುದು ಬೂಟ್‌ಲೋಡರನ್ನೇ ಬದಲಿಸಲು ಹೊರಟಾಗ. ಅದು ಕೆಟ್ಟರೆ ಜಂಪರಿನಿಂದ ಪ್ರಯೋಜನವಿಲ್ಲ, ಪಿಕ್‌ಕಿಟ್‌ನಂಥ ಪ್ರೋಗ್ರಾಮರ್ ಹುಡುಕಿಕೊಂಡು ಹೋಗಬೇಕು.

ಎಲ್ಲ ಕಾಯಿಲೆಯೂ ಫರ್ಮ್‌ವೇರಿನದಲ್ಲ. ಮೂರನೇ ಬೋರ್ಡಿನಲ್ಲಿ ಯುಎಸ್‌ಬಿ ನೋಡಿಕೊಳ್ಳುವುದು ಎಫ್‌ಟಿಡಿಐ ಕಂಪನಿಯ ಎಫ್‌ಟಿ232 ಚಿಪ್ಪು. 2014ರಲ್ಲಿ ವಿಂಡೋಸಿಗೆ ಬಂದ ಅದರ ಡ್ರೈವರು ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತ್ತು. ನಿನ್ನೆಯವರೆಗೆ ನಡೆಯುತ್ತಿದ್ದ ಸಾಧನಗಳು ಬೆಳಗಾಗುವಷ್ಟರಲ್ಲಿ ಕಾಣದಾದವು. ಅಗ್ಗದ ತದ್ರೂಪಿ ಬೋರ್ಡು ಕೊಂಡವರು ಪೋರ್ಟೇ ಕಾಣದಿದ್ದರೆ ಮೊದಲು ಈ ಚಿಪ್ಪಿನ ಮೇಲೆ ಸಂಶಯ ಪಡಲಿ.

ಐದನೇ ಪೀಳಿಗೆಯ ಬಸ್ ಪೈರೇಟಿಗೆ ಅಪ್‌ಡೇಟಿನ ಈ ತಾಪತ್ರಯ ಹೆಚ್ಚುಕಡಿಮೆ ಇಲ್ಲ. ಅದರ ಆರ್‌ಪಿ2040 ಚಿಪ್ಪಿನ ಬೂಟ್‌ಲೋಡರ್ ಅಳಿಸಲಾಗದ ರಾಮ್‌ನಲ್ಲಿದೆ. ಬೋರ್ಡು ಪೆನ್‌ಡ್ರೈವಿನ ಹಾಗೆ ಕಾಣಿಸಿಕೊಳ್ಳುತ್ತದೆ, ಯುಎಫ್2 ಫೈಲನ್ನು ಎಳೆದು ಹಾಕಿದರೆ ಮುಗಿಯಿತು.

ಹಳೆಯದನ್ನೇ ನೆಚ್ಚಿಕೊಂಡವರು ಅಪ್‌ಡೇಟಾದ ಮೇಲೆ ಒಂದು ಪರೀಕ್ಷೆ ಬಾಕಿ ಉಳಿಸಬಾರದು. ಹೊರಗಿನ ಸಾಧನಗಳನ್ನೆಲ್ಲ ಬಿಚ್ಚಿ, 5 ವೋಲ್ಟ್ ಪಿನ್ನನ್ನು ವಿಪಿಯುಗೆ, 3.3 ವೋಲ್ಟ್ ಪಿನ್ನನ್ನು ಎಡಿಸಿಗೆ ಜೋಡಿಸಿ, ಪ್ರಾಂಪ್ಟಿನಲ್ಲಿ ಟಿಲ್ಡೆ ಒತ್ತಬೇಕು. ಬೋರ್ಡು ತನ್ನ ಪಿನ್ನುಗಳನ್ನು ತಾನೇ ತಪಾಸಣೆ ಮಾಡಿ ತಪ್ಪುಗಳ ಲೆಕ್ಕ ಹೇಳುತ್ತದೆ. ಅದು ಸೊನ್ನೆ ಎಂದು ಬರುವವರೆಗೆ ಬೇರೆಯವರ ರೌಟರಿಗೆ ವೈರು ಸಿಕ್ಕಿಸಬೇಡಿ.