ಗಣಕಯಂತ್ರದ ಚೇತರಿಕೆ: ಮೂರು ಆಜ್ಞೆಗಳು, ಅವುಗಳ ಕ್ರಮ

ಶಾಲೆಯ ಗಣಕಯಂತ್ರ ಕೆಟ್ಟಾಗ ದುರಸ್ತಿಗಾರರು ಬಹುಮಟ್ಟಿಗೆ ಸೂಚಿಸುವ ಪರಿಹಾರ ಒಂದೇ: ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕುವುದು. ಗಡಿನಾಡಿನ ಕನ್ನಡ ಶಾಲೆಗೆ ಇದರಿಂದಾಗುವ ನಷ್ಟ ದೊಡ್ಡದು. ಡೆಸ್ಕ್‌ಟಾಪಿನಲ್ಲಿಟ್ಟ ಪ್ರಶ್ನಪತ್ರಿಕೆ, ಪಾಠಯೋಜನೆಗಳೊಂದಿಗೆ ನುಡಿ, ಬರಹ ತಂತ್ರಾಂಶಗಳೂ ಅವುಗಳ ಫಾಂಟ್‌ಗಳೂ ಅಳಿಯುತ್ತವೆ. ಯುನಿಕೋಡ್‌ಪೂರ್ವದ ಕಡತಗಳು ಉಳಿದರೂ ಫಾಂಟ್ ಇಲ್ಲದೆ ಓದಲಾಗುವುದಿಲ್ಲ. ಆದ್ದರಿಂದ ಫಾರ್ಮ್ಯಾಟ್ ಕೊನೆಯ ಉಪಾಯವಾಗಿರಲಿ. ವಿಂಡೋಸ್ 10 ಮತ್ತು 11ರಲ್ಲಿ ಅಂತರ್ಗತವಾಗಿರುವ ಮೂರು ಆಜ್ಞೆಗಳನ್ನು ಮೊದಲು ಪ್ರಯೋಗಿಸಬೇಕು.

1. ಕಡತಗಳ ರಕ್ಷಣೆ

ಯಾವ ಆಜ್ಞೆಗೂ ಮೊದಲು ಕಡತಗಳನ್ನೂ ಫಾಂಟ್‌ಗಳನ್ನೂ ಪೆನ್‌ಡ್ರೈವಿಗೆ ನಕಲಿಸಿರಿ. ವಿಂಡೋಸ್ ತೆರೆಯದೆ ದುರಸ್ತಿ ಪರದೆ ಕಾಣಿಸಿಕೊಂಡರೆ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಎಂಬ ಕ್ರಮದಲ್ಲಿ ಸಾಗಿ, ನೋಟ್‌ಪ್ಯಾಡ್ ಎಂದು ಬೆರಳಚ್ಚಿಸಿ ಎಂಟರ್ ಒತ್ತಿರಿ. ಅದರ ಓಪನ್ ಕಿಟಕಿಯಲ್ಲಿ ಆಲ್ ಫೈಲ್ಸ್ ಆಯ್ದುಕೊಂಡರೆ ಕಡತಗಳು ಕಾಣುತ್ತವೆ, ಅಲ್ಲಿಂದಲೇ ನಕಲಿಸಬಹುದು. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ದೋಷ ಯಂತ್ರಭಾಗದ್ದು. ಆಜ್ಞೆಗಳಿಂದ ಅದು ಗುಣವಾಗದು.

2. ಮೂರು ಆಜ್ಞೆಗಳು

ವಿಂಡೋಸ್ ತೆರೆಯುತ್ತಿದ್ದರೆ ಕಮಾಂಡ್ ಪ್ರಾಂಪ್ಟನ್ನು ಹುಡುಕಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಆಯ್ದುಕೊಳ್ಳಿರಿ. ಕೆಳಗಿನವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಬೇಕು. ಪ್ರತಿ ಓರೆಗೆರೆಯ ಮೊದಲು ತೆರಪು ಬಿಡಬೇಕು.

ಅ) ಸಿ-ಎಚ್-ಕೆ-ಡಿ-ಎಸ್-ಕೆ ಸಿ: /ಎಫ್. ಗ್ರಂಥಾಲಯದ ದಾಖಲಾತಿ ಪುಸ್ತಕವನ್ನು ಕಪಾಟಿನೊಡನೆ ತಾಳೆ ನೋಡುವಂತೆ ಇದು ಡಿಸ್ಕಿನ ದಾಖಲೆಯನ್ನು ಪರೀಕ್ಷಿಸಿ ತಿದ್ದುತ್ತದೆ. ಮುಂದಿನ ಆರಂಭದ ವೇಳೆ ಪರೀಕ್ಷಿಸಬೇಕೇ ಎಂದು ಕೇಳಿದಾಗ ವೈ ಒತ್ತಿ, ಯಂತ್ರವನ್ನು ಮರುಚಾಲನೆ ಮಾಡಿರಿ. ವಿಂಡೋಸ್ ತೆರೆಯದಿದ್ದರೆ ದುರಸ್ತಿ ಪರದೆಯಿಂದಲೂ ಇದನ್ನು ನಡೆಸಬಹುದು. ಅಲ್ಲಿ ಡ್ರೈವಿನ ಅಕ್ಷರ ಬದಲಾಗಿರಬಹುದು, ನೋಟ್‌ಪ್ಯಾಡಿನ ಕಿಟಕಿಯಲ್ಲೇ ಖಚಿತಪಡಿಸಿಕೊಳ್ಳಿರಿ.

ಆ) ಡಿ-ಐ-ಎಸ್-ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್. ವಿಂಡೋಸ್ ತನ್ನೊಳಗೆ ಇಟ್ಟುಕೊಂಡಿರುವ ಮೂಲಪ್ರತಿಗಳ ಸಂಗ್ರಹವನ್ನು ಇದು ಸರಿಪಡಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ಅಂತರ್ಜಾಲ ಬೇಕು.

ಇ) ಎಸ್-ಎಫ್-ಸಿ /ಸ್ಕ್ಯಾನ್‌ನೌ. ವ್ಯವಸ್ಥೆಯ ಕಡತಗಳನ್ನು ಆ ಮೂಲಪ್ರತಿಗಳೊಡನೆ ಹೋಲಿಸಿ, ಕೆಟ್ಟವನ್ನು ಬದಲಾಯಿಸುತ್ತದೆ. ನಮ್ಮ ಸ್ವಂತ ಕಡತಗಳನ್ನು ಮುಟ್ಟುವುದಿಲ್ಲ.

ಕೊನೆಯ ಎರಡನ್ನು ಇಲ್ಲಿ ಕೊಟ್ಟ ರೂಪದಲ್ಲಿ ವಿಂಡೋಸ್ ತೆರೆದಿರುವಾಗಲೇ ನಡೆಸಬೇಕು.

3. ಕ್ರಮದ ಕಾರಣ

ಮಾದರಿ ಉತ್ತರವೇ ತಪ್ಪಾಗಿದ್ದರೆ ಮೌಲ್ಯಮಾಪನ ಸರಿಯಾಗದು. ಹಾಗೆಯೇ ಮೂಲಪ್ರತಿ ಕೆಟ್ಟಿದ್ದರೆ ಮೂರನೆಯ ಆಜ್ಞೆ ದೋಷವನ್ನು ಕಂಡರೂ ತಿದ್ದಲಾರದು. ಆದ್ದರಿಂದ ಎರಡನೆಯದು ಮುಗಿದ ಬಳಿಕವೇ ಮೂರನೆಯದು. ಶೇಕಡಾವಾರು ಅಂಕಿ ಬಹುಹೊತ್ತು ನಿಂತಂತೆ ಕಂಡರೂ ನಡುವೆ ಯಂತ್ರವನ್ನು ಆರಿಸಬಾರದು.

ಕೇರಳದ ಶಾಲೆಗಳಲ್ಲಿ ಕೈಟ್ ಒದಗಿಸಿರುವ ಗ್ನೂ/ಲಿನಕ್ಸ್ ಇದ್ದಲ್ಲಿ ಆಜ್ಞೆಗಳು ಬೇರೆ; ಮೊದಲು ನಕಲು, ಬಳಿಕ ಪರೀಕ್ಷೆ, ಕೊನೆಗೆ ಮರುಸ್ಥಾಪನೆ ಎಂಬ ಕ್ರಮ ಅಲ್ಲಿಯೂ ಒಂದೇ.

ಚಟುವಟಿಕೆ: ಸುಸ್ಥಿತಿಯಲ್ಲಿರುವ ಯಂತ್ರದಲ್ಲಿ ಮೂರನೆಯ ಆಜ್ಞೆಯನ್ನು ನಡೆಸಿ, ಬಂದ ಉತ್ತರದ ಅರ್ಥವನ್ನು ಕನ್ನಡದಲ್ಲಿ ಬರೆಯಿರಿ. “ನಕಲು ತೆಗೆಯದೆ ಫಾರ್ಮ್ಯಾಟ್ ಮಾಡಬಾರದು” ಎಂಬ ಚೀಟಿಯನ್ನು ದುರಸ್ತಿಗಾರರು ಓದಬಲ್ಲ ಭಾಷೆಯಲ್ಲಿ, ಅದು ಮಲಯಾಳವಾಗಲಿ ಮರಾಠಿಯಾಗಲಿ ತಮಿಳಾಗಲಿ ತೆಲುಗಾಗಲಿ, ಬರೆದು ಶಾಲೆಯ ಯಂತ್ರಕ್ಕೆ ಅಂಟಿಸಿರಿ.