ರಕ್ತದ ವರದಿ ಓದಲು ವೈದ್ಯರಿಗೇಕೆ ಬೇರೆ ತರಬೇತಿ?

ಪ್ರಶ್ನೆ: ನನ್ನ ಅಕ್ಕನಿಗೆ 38ನೇ ವಯಸ್ಸಿಗೇ ಸ್ತನ ಕ್ಯಾನ್ಸರ್ ಬಂದಿದೆ. ಮನೆಯವರೆಲ್ಲ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿಬನ್ನಿ ಎಂದು ವೈದ್ಯರು ಹೇಳಿದ್ದಾರೆ. ಇದಕ್ಕಾಗಿ ವೈದ್ಯರು ಬೇರೆ ತರಬೇತಿ ಪಡೆಯುತ್ತಾರಂತೆ. ರಕ್ತ ಪರೀಕ್ಷೆ ಮಾಡಿಸಿ ವರದಿ ನೋಡಿದರೆ ಸಾಲದೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಒಳ್ಳೆಯ ಪ್ರಶ್ನೆ. ರಕ್ತ ಕೊಡುವುದು ಎರಡು ನಿಮಿಷದ ಕೆಲಸ. ಯಾರ ರಕ್ತ, ಯಾವಾಗ, ಬಂದ ವರದಿಯ ಅರ್ಥವೇನು ಎಂಬುದಕ್ಕೆ ತರಬೇತಿ ಬೇಕು.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ತಂದೆತಾಯಿಯಿಂದ ಮಕ್ಕಳಿಗೆ ಬರುವುದು ಕ್ಯಾನ್ಸರ್ ಅಲ್ಲ, ದೋಷವಿರುವ ವಂಶವಾಹಿ. ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ ಹೀಗೆ ಆನುವಂಶಿಕ. 1994ರಲ್ಲಿ ಬಿಆರ್‌ಸಿಎ1, ಮರುವರ್ಷ ಬಿಆರ್‌ಸಿಎ2 ಎಂಬ ವಂಶವಾಹಿಗಳು ಪತ್ತೆಯಾದವು. ಡಿಎನ್ಎಗೆ ಆಗುವ ಹಾನಿಯನ್ನು ಸರಿಪಡಿಸುವುದು ಇವುಗಳ ಕೆಲಸ. ಇವುಗಳಲ್ಲಿ ದೋಷವಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ದೋಷ ಬಂದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರಬಹುದು. ಉಳಿದವರಿಗೆ ಬರದೆಯೂ ಇರಬಹುದು.

ಇನ್ನು ತರಬೇತಿಯಲ್ಲಿ ವೈದ್ಯರು ಕಲಿಯುವುದೇನು?

ಒಂದು, ವಂಶವೃಕ್ಷ ಬರೆಯುವುದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಬಂದವರ ಗುರುತಿಗೆ ಕಪ್ಪು ತುಂಬುತ್ತಾರೆ, ತೀರಿಕೊಂಡವರ ಮೇಲೆ ಓರೆಗೆರೆ ಎಳೆಯುತ್ತಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಇಬ್ಬರ ನಡುವೆ ಜೋಡಿಗೆರೆ. ಹೀಗೆ ಮೂರು ತಲೆಮಾರು, ತಂದೆಯ ಕಡೆಯದೂ ಸೇರಿ. ‘ಅಜ್ಜಿ ಹೊಟ್ಟೆಯಲ್ಲಿ ಗಡ್ಡೆಯಾಗಿ ಹೋದರು’ ಎಂದು ಮನೆಯವರು ಹೇಳಿದರೆ, ಅದು ಅಂಡಾಶಯದ್ದೋ ಕರುಳಿನದೋ ಎಂದು ತಾಳ್ಮೆಯಿಂದ ಕೇಳಿ ತಿಳಿಯಬೇಕು. ಯಾವ ವಂಶವಾಹಿಯನ್ನು ಅನುಮಾನಿಸಬೇಕೆಂಬುದು ಅದರ ಮೇಲೆ ನಿಂತಿದೆ.

ಎರಡು, ಮೊದಲು ಯಾರಿಗೆ ಪರೀಕ್ಷೆ ಎಂದು ನಿರ್ಧರಿಸುವುದು. ಸಾಮಾನ್ಯವಾಗಿ ಕಾಯಿಲೆ ಬಂದವರಿಗೇ ಮೊದಲು, ಅಂದರೆ ನಿಮ್ಮ ಅಕ್ಕನಿಗೆ. ಅವರಲ್ಲಿ ದೋಷ ಸಿಕ್ಕರೆ ಅದೊಂದನ್ನೇ ನಿಮ್ಮಲ್ಲಿ ಹುಡುಕಿದರಾಯಿತು, ಉತ್ತರ ಖಚಿತವಾಗಿರುತ್ತದೆ.

ಮೂರು, ವರದಿಯ ಅರ್ಥ ತಿಳಿಯುವುದು. ವರದಿ ‘ಇದೆ’, ‘ಇಲ್ಲ’ ಎಂದಷ್ಟೇ ಹೇಳುವುದಿಲ್ಲ. ಬದಲಾವಣೆ ಇದೆ, ಅದು ಅಪಾಯಕಾರಿಯೋ ಅಲ್ಲವೋ ಇನ್ನೂ ತಿಳಿದಿಲ್ಲ ಎಂಬ ಮೂರನೆಯ ಬಗೆಯ ಉತ್ತರವೂ ಬರುತ್ತದೆ. ಅದೊಂದನ್ನೇ ನಂಬಿ ಶಸ್ತ್ರಚಿಕಿತ್ಸೆಗೆ ಹೊರಡಬಾರದು. ತರಬೇತಿಯಿಲ್ಲದವರು ಎಡವುವುದು ಹೆಚ್ಚಾಗಿ ಇಲ್ಲೇ.

ನಾಲ್ಕು, ವಿಷಯ ತಿಳಿಸುವುದು. ಪರೀಕ್ಷೆಗೆ ಮೊದಲು ಒಪ್ಪಿಗೆ, ನಂತರ ಗೋಪ್ಯತೆ. ಎಂಆರ್‌ಐ ತಪಾಸಣೆ, ಮಕ್ಕಳಾದ ಬಳಿಕ ಅಂಡಾಶಯ ತೆಗೆಸುವುದು ಮುಂತಾದ ದಾರಿಗಳನ್ನು ವೈದ್ಯರು ವಿವರಿಸಬೇಕು, ಆಯ್ಕೆ ನಿಮ್ಮದಾಗಿರಬೇಕು. ಬಿಆರ್‌ಸಿಎ ಪರೀಕ್ಷೆಯನ್ನು ಸಾಮಾನ್ಯವಾಗಿ ಮಕ್ಕಳು ದೊಡ್ಡವರಾಗುವವರೆಗೆ ಮಾಡುವುದಿಲ್ಲ.

ನಿಮಗೆ ಹತ್ತಿರದ ಮುಂಬೈ ಮಟ್ಟಿಗೆ ಹೇಳುವುದಾದರೆ, 1941ರಲ್ಲಿ ಪರೇಲ್‌ನಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಕ್ಯಾನ್ಸರ್ ಜೆನೆಟಿಕ್ಸ್ ಕ್ಲಿನಿಕ್ ಇದೆ. ಅದೇ ಸಂಸ್ಥೆಯ ಖಾರ್‌ಘರ್ ಕೇಂದ್ರದಲ್ಲಿ ಆನುವಂಶಿಕ ಕ್ಯಾನ್ಸರ್ ಕುರಿತ ಸಂಶೋಧನೆಯೂ ನಡೆಯುತ್ತದೆ.

ಹೋಗುವಾಗ ಅಕ್ಕನ ಬಯಾಪ್ಸಿ ವರದಿಯನ್ನು ಮರೆಯದೆ ಒಯ್ಯಿರಿ. ಅದಕ್ಕೂ ಮೊದಲು ಊರಿಗೆ ಫೋನ್ ಮಾಡಿ, ಎರಡೂ ಕಡೆಯ ಬಂಧುಗಳಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗದ ಕ್ಯಾನ್ಸರ್ ಬಂದಿತ್ತೆಂದು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ.